ಕಣ್ಣು ಮಂಜಾದ ಮೇಲೆ ಮನಸ್ಸಿನ ಪಾಡು

ರಾಯಬಾಗ ತಾಲ್ಲೂಕಿನ ಮುಗಳಖೋಡ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಯಲ್ಲಾಲಿಂಗರ ಮಠ. ಆ ಸೀಮೆಯ ಯಾವ ಊರಿಗೆ ಹೋದರೂ ಕಾಣುವ ಇನ್ನೊಂದು ನೋಟವಿದೆ. ಮಗ ಸೊಸೆ ಕಬ್ಬಿನ ಹೊಲಕ್ಕೆ ಹೋಗಿರುತ್ತಾರೆ. ಪಡಸಾಲೆಯ ಕಂಬಕ್ಕೆ ಒರಗಿ ಅಜ್ಜಿಯೊಬ್ಬಳು ಕುಳಿತಿರುತ್ತಾಳೆ. ಮಾತನಾಡಿಸಿದರೆ, "ಕಣ್ಣ ಕಾಣವಲ್ದರಿ, ಇನ್ನ ನಂದೇನೈತಿ?" ಎನ್ನುತ್ತಾಳೆ. ಇವು ಎರಡು ಬೇರೆ ಬೇರೆ ಮಾತುಗಳು. ಮೊದಲನೆಯದಕ್ಕೆ ನಮ್ಮ ನಾಡಿನ ವೈದ್ಯ ಚರಿತ್ರೆ ಹೆಮ್ಮೆಪಡುವಂಥ ಉತ್ತರ ಕೊಟ್ಟಿದೆ. ಎರಡನೆಯದನ್ನು ಕೇಳಿಸಿಕೊಂಡದ್ದು ಬಹಳ ತಡವಾಗಿ.

ಆ ಉತ್ತರ ಕೊಟ್ಟವರಲ್ಲಿ ಮುಖ್ಯರಾದವರು ಇದೇ ಉತ್ತರ ಕರ್ನಾಟಕದ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿ. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ಊರಿಗೆ ಹೋಗಬೇಕು ಎಂದು ಹೊರಟ ಅವರು 1943ರಿಂದ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ, 1993ರ ಫೆಬ್ರುವರಿಯವರೆಗೆ ಒಟ್ಟು 6,10,564 ಶಸ್ತ್ರಚಿಕಿತ್ಸೆ ಎಂದು ಗಿನ್ನೆಸ್ ದಾಖಲೆ ಪುಸ್ತಕ ಬರೆದುಕೊಂಡಿತು. 2005ರಲ್ಲಿ ಅವರು ತೀರಿಕೊಂಡಾಗ ಅವರ ಕೈಯಿಂದ ಬೆಳಕು ಕಂಡವರು ಹಳ್ಳಿಹಳ್ಳಿಯಲ್ಲಿದ್ದರು.

ಆ ಕಾಲದ ಶಿಬಿರಗಳಿಂದ ಮರಳಿದವರ ಮೂಗಿನ ಮೇಲೆ ಸೋಡಾಬುಡ್ಡಿ ಕನ್ನಡಕ ಇರುತ್ತಿತ್ತು. ಪೊರೆಯ ಜೊತೆಗೆ ಕಣ್ಣಿನ ಮಸೂರವನ್ನೇ ತೆಗೆಯುತ್ತಿದ್ದುದರಿಂದ ಅದು ಅನಿವಾರ್ಯ. ಕೃತಕ ಮಸೂರವನ್ನು ಕಣ್ಣೊಳಗೇ ಕೂಡಿಸುವ ಪ್ರಯೋಗವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿದ್ದರೂ ಅದು ನಮ್ಮ ಹಳ್ಳಿಗೆ ಬರಲು ದಶಕಗಳೇ ಹಿಡಿದವು. ಕನ್ನಡಕದಲ್ಲಿ ಎಲ್ಲವೂ ಕಾಲುಪಾಲು ದೊಡ್ಡದಾಗಿ, ಹೊಸ್ತಿಲು ಬಾಗಿದಂತೆ ಕಾಣುತ್ತಿತ್ತು. ಮೊಮ್ಮಗನ ಆಟದಲ್ಲಿ ಅದು ಬಿದ್ದು ಒಡೆದರೆ ಅಜ್ಜ ಮತ್ತೆ ಕುರುಡ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನು ಗುಣವಾದವನು.

2015-19ರ ರಾಷ್ಟ್ರೀಯ ಸಮೀಕ್ಷೆ ಹೇಳುವಂತೆ 50 ದಾಟಿದ ಭಾರತೀಯರಲ್ಲಿ ಶೇ. 1.99 ಮಂದಿ ಅಂಧರು, ಅದರಲ್ಲಿ ಶೇ. 66.2ರಷ್ಟಕ್ಕೆ ಪೊರೆಯೇ ಕಾರಣ. ಹಾಗಾಗಿ ಅಜ್ಜಿಯ ಮನಸ್ಸು ಮಂಕಾಗದಿರಲು ಮೊದಲ ಔಷಧ ಪೊರೆ ತೆಗೆಸುವುದೇ. ಉಳಿದವರ ಪೈಕಿ ಗ್ಲಾಕೋಮಾ ಆದವರು, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರು, ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಸವೆದವರು ಇದ್ದಾರೆ. ಇವರಲ್ಲಿ ಹಲವರಿಗೆ ಹೋದ ದೃಷ್ಟಿ ಮರಳುವುದಿಲ್ಲ.

ಮರಳದ ಕಣ್ಣಿನೊಡನೆ ಬಾಳುವುದನ್ನು ಕಲಿಸಿದ ಸಂಸ್ಥೆಗಳು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮೈಸೂರಿನಲ್ಲಿ 1901ರಲ್ಲೇ ಅಂಧ, ಕಿವುಡ ಮಕ್ಕಳ ಶಾಲೆ ತೆರೆಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳ ಕಾಲದಿಂದ ಅಂಧ ಬಾಲಕರ ಕೈಗೆ ಹಾರ್ಮೋನಿಯಂ, ತಬಲಾ ಕೊಟ್ಟು ಅನ್ನದ ದಾರಿ ತೋರಿಸಿತು. ಎಳವೆಯಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು 96 ವರ್ಷ ಬಾಳಿ 2010ರಲ್ಲಿ ಲಿಂಗೈಕ್ಯರಾದರು. ಆದರೆ ಇವೆಲ್ಲ ಮಕ್ಕಳಿಗೆ. ಎಪ್ಪತ್ತು ವರ್ಷ ಕಣ್ಣಿದ್ದು ಆಮೇಲೆ ಕಳೆದುಕೊಂಡವರಿಗೆ ಇಂಥದೊಂದು ಆಶ್ರಮ ಯಾರಿಗೂ ಹೊಳೆಯಲಿಲ್ಲ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾದೆವು.

ಆ ಮೌನದೊಳಗೆ ಏನೇನು ಅಡಗಿರುತ್ತದೆ ಎಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. ಜಿನೀವಾದ ವಿಜ್ಞಾನಿ ಶಾರ್ಲ್ ಬೊನೆ 1760ರಲ್ಲಿ ತನ್ನ ಅಜ್ಜನ ಬಗ್ಗೆ ಬರೆದ. ದೃಷ್ಟಿ ಬಹುಪಾಲು ಹೋಗಿದ್ದ ಆ ಮುದುಕನಿಗೆ ಇಲ್ಲದ ಗಂಡಸರು, ಹೆಂಗಸರು, ಹಕ್ಕಿಗಳು, ಬಂಡಿಗಳು ಎದುರಿಗೇ ಕಾಣುತ್ತಿದ್ದವು; ಬುದ್ಧಿ ಮಾತ್ರ ಸ್ಥಿಮಿತದಲ್ಲಿತ್ತು. ನೋಟ ನಿಂತಾಗ ಮೆದುಳು ತಾನೇ ಚಿತ್ರ ಕಟ್ಟುವ ಈ ಸ್ಥಿತಿಗೆ ಇಂದು ಬೊನೆಯ ಹೆಸರೇ ಇದೆ. ನಮ್ಮ ಕಡೆ ಹೀಗಾದರೆ ಗಾಳಿ ಸೋಕಿದೆ ಎಂದಾರು, ಹುಚ್ಚು ಹಿಡಿದಿದೆ ಎಂದಾರು. ಅದಕ್ಕೇ ಮುದುಕರು ಬಾಯಿ ಬಿಡುವುದಿಲ್ಲ. ಇದು ಹುಚ್ಚಲ್ಲ ಎಂದು ವೈದ್ಯರು ಹೇಳಿದ ಒಂದು ಮಾತಿನಿಂದಲೇ ಎಷ್ಟೋ ಭಯ ಇಳಿಯುತ್ತದೆ.

ಖಿನ್ನತೆ ಬಂದ ಮೇಲೆ ಚಿಕಿತ್ಸೆ ಕೊಡುವ ಬದಲು ಬಾರದಂತೆಯೇ ತಡೆಯಬಹುದೇ? ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬ್ಯಾರಿ ರೋವ್ನರ್ ಮತ್ತು ಸಂಗಡಿಗರು ಅಕ್ಷಿಪಟಲ ಸವೆದ ವೃದ್ಧರಲ್ಲಿ ಇದನ್ನೇ ಪರೀಕ್ಷಿಸಿದರು. ದಿನನಿತ್ಯದ ತೊಡಕುಗಳನ್ನು ಬಿಡಿಸಿಕೊಳ್ಳುವುದನ್ನು ಕಲಿಸಿದ 2007ರ ಪ್ರಯೋಗದಲ್ಲಿ ಎರಡು ತಿಂಗಳಿಗೆ ಖಿನ್ನರಾದವರ ಪ್ರಮಾಣ ಅರ್ಧಕ್ಕಿಳಿಯಿತು. ಆರು ತಿಂಗಳ ಹೊತ್ತಿಗೆ ಆ ಲಾಭ ಬಹುಮಟ್ಟಿಗೆ ಕರಗಿತು. 2014ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗದಲ್ಲಿ, ಆಗಲೇ ಮನಸ್ಸು ಕುಗ್ಗತೊಡಗಿದ್ದ 188 ಮಂದಿ ಇದ್ದರು. ಎಲ್ಲರಿಗೂ ಭೂತಗನ್ನಡಿಯಂಥ ಸಾಧನಗಳು ಸಿಕ್ಕವು. ಒಂದು ಗುಂಪಿಗೆ ಬರೀ ಸಾಂತ್ವನದ ಮಾತು. ಇನ್ನೊಂದು ಗುಂಪಿನವರ ಮನೆಗೆ ತರಬೇತಾದವರು ಹೋಗಿ, ಬಿಟ್ಟುಬಿಟ್ಟ ಇಷ್ಟದ ಕೆಲಸ ಯಾವುದೆಂದು ಕೇಳಿ, ದೀಪ ಸರಿಪಡಿಸಿ, ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಮತ್ತೆ ಹಚ್ಚಿಸಿದರು. ನಾಲ್ಕು ತಿಂಗಳ ಬಳಿಕ ಮೊದಲ ಗುಂಪಿನಲ್ಲಿ ಶೇ. 23.4, ಎರಡನೆಯದರಲ್ಲಿ ಶೇ. 12.6 ಮಂದಿಗೆ ಖಿನ್ನತೆ ಬಂದಿತ್ತು. ಕಣ್ಣು ಯಾರಿಗೂ ಮರಳಿರಲಿಲ್ಲ.

ಇಂಥದನ್ನು ಹಳ್ಳಿಗೆ ತರುವ ದಾರಿ ನಮಗೆ ಹೊಸದಲ್ಲ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. ಅದೇ ಮಾದರಿ ಮುಂದೆ ದೇಶಕ್ಕೆ ಹಬ್ಬಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತನಾಡಬಹುದು. ಆದರೆ ಪಡಸಾಲೆಯ ಅಜ್ಜಿ ತಾನಾಗಿ ಫೋನು ಹಚ್ಚುವವಳಲ್ಲ. ಊಟ ಸೇರುತ್ತಿಲ್ಲ, ನಿದ್ದೆಯಿಲ್ಲ, ಮಠದ ಭಜನೆಗೂ ಬರಲೊಲ್ಲೆ ಎನ್ನುತ್ತಾಳೆ ಎಂಬುದನ್ನು ಮನೆಯವರೇ ಗಮನಿಸಬೇಕು.

ಆ ಸೀಮೆಯ ಅಜ್ಜಿಯರ ಕೈಕೆಲಸವೆಂದರೆ ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರಗಳ ಪದರಕ್ಕೆ ಹಾಕುವ ಸಾಲುಹೊಲಿಗೆಯನ್ನು ಪಳಗಿದ ಬೆರಳು ತಡವಿಯೇ ಗುರುತಿಸಬಲ್ಲದು. ಅಡ್ಡಿಯಾಗುವುದು ಸೂಜಿಯ ಕಣ್ಣು. ಮೊಮ್ಮಗಳು ಶಾಲೆಗೆ ಹೋಗುವ ಮುನ್ನ ಏಳೆಂಟು ಸೂಜಿಗೆ ದಾರ ಪೋಣಿಸಿ ಬಟ್ಟೆಯ ತುಂಡಿಗೆ ಚುಚ್ಚಿಟ್ಟು ಹೋದರೆ ಅಜ್ಜಿಗೆ ಸಂಜೆಯವರೆಗೆ ಕೆಲಸವಿರುತ್ತದೆ.