ವಾಕ್, ವಾಕ್ಡ್, ವಾಕ್ಡ್: ಹನ್ನೆರಡು ಕಾಲಗಳ ಬಾಯಿಪಾಠ

ಸಂಜೆ ಆರರ ಹೊತ್ತಿಗೆ ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ನಡೆದುಹೋದರೆ ಯಾವುದಾದರೊಂದು ಟ್ಯೂಷನ್ ಮನೆಯ ಕಿಟಕಿಯಿಂದ ಈ ರಾಗ ಕೇಳಿಬರುತ್ತದೆ: 'ಐ ವಾಕ್, ಯೂ ವಾಕ್, ಹಿ ವಾಕ್ಸ್...' ಮಗ್ಗಿ ಹೇಳುವ ಧಾಟಿಯೇ. ಯಲಹಂಕ, ಹೆಬ್ಬಾಳಗಳಲ್ಲೂ ಇದೇ ರಾಗ. 'ಐ ಶಲ್ ಹ್ಯಾವ್ ಬೀನ್ ವಾಕಿಂಗ್' ಎಂಬಲ್ಲಿಗೆ ಹನ್ನೆರಡು ಕಾಲಗಳು ಮುಗಿಯುತ್ತವೆ. ಈ ಕೊನೆಯ ವಾಕ್ಯವನ್ನು ಪರೀಕ್ಷೆಯ ಹೊರಗೆ ಯಾರಾದರೂ ಆಡಿದ್ದನ್ನು ಈ ಲೇಖಕನಂತೂ ಕೇಳಿಲ್ಲ.

ಕುತೂಹಲದ ಸಂಗತಿಯೆಂದರೆ, ರೂಪದ ಲೆಕ್ಕದಲ್ಲಿ ಇಂಗ್ಲಿಷಿಗೆ ಇರುವುದು ಎರಡೇ ಕಾಲ. ನಿಯಮಬದ್ಧ ಕ್ರಿಯಾಪದಕ್ಕೆ ವಾಕ್, ವಾಕ್ಸ್, ವಾಕ್ಡ್, ವಾಕಿಂಗ್ ಎಂಬ ನಾಲ್ಕೇ ವೇಷಗಳು. ಮಿಕ್ಕಿದ್ದೆಲ್ಲ ವಿಲ್, ಹ್ಯಾವ್, ಬೀ ಮೊದಲಾದ ಸಹಾಯಕರ ಕೆಲಸ. ನಮ್ಮ 'ನಡೆ' ಧಾತುವನ್ನು ಪಕ್ಕಕ್ಕಿಟ್ಟು ನೋಡಿ. ಭೂತಕಾಲ ಒಂದರಲ್ಲೇ ನಡೆದೆನು, ನಡೆದೆವು, ನಡೆದೆ, ನಡೆದಿರಿ, ನಡೆದನು, ನಡೆದಳು, ನಡೆದರು, ನಡೆಯಿತು, ನಡೆದವು ಎಂದು ಒಂಬತ್ತು ರೂಪಗಳು. ಇಷ್ಟನ್ನು ಶಾಲೆಗೆ ಬರುವ ಮೊದಲೇ, ಯಾರ ಬಾಯಿಪಾಠವೂ ಇಲ್ಲದೆ ಕಲಿತ ಮಗು, ನಾಲ್ಕು ರೂಪಗಳ ಮುಂದೆ ತಡವರಿಸುತ್ತದೆ.

ಹಾಗಾದರೆ ಹನ್ನೆರಡು ಎಲ್ಲಿಂದ ಬಂತು? ಲ್ಯಾಟಿನ್ನಿನ ನೆರಳಿನಿಂದ. 1586ರಲ್ಲಿ ವಿಲಿಯಂ ಬುಲೊಕಾರ್ ಇಂಗ್ಲಿಷಿನ ಮೊದಲ ವ್ಯಾಕರಣವನ್ನು ಅಚ್ಚುಹಾಕಿಸಿದಾಗ ಅವನಿಗಿದ್ದ ಮಾದರಿ ಲ್ಯಾಟಿನ್ ವ್ಯಾಕರಣವೇ. 1795ರಲ್ಲಿ ಲಿಂಡ್ಲೆ ಮರೆ ಬರೆದ ಪುಸ್ತಕ ಆರು ಕಾಲಗಳನ್ನು ಹೇಳಿತು. ನಮ್ಮ ಶಾಲೆಗಳಿಗೆ ಈ ಬಗೆಯ ಪಟ್ಟಿಯನ್ನು ತಂದದ್ದು ಮುಖ್ಯವಾಗಿ 1930ರ ದಶಕದಲ್ಲಿ ಹೊರಬಂದ 'ರೆನ್ ಅಂಡ್ ಮಾರ್ಟಿನ್'. ಈ ರೆನ್ 'ಬೋ ಜೆಸ್ಟ್' ಕಾದಂಬರಿ ಬರೆದ ಅದೇ ರೆನ್.

'ವಾಕ್ಡ್'ನ ಕೊನೆಯಲ್ಲಿರುವ 'ಎಡ್' ಪ್ರತ್ಯಯಕ್ಕೂ ಚರಿತ್ರೆಯುಂಟು. ಅದು ಜರ್ಮಾನಿಕ್ ಭಾಷೆಗಳ ಹಳೆಯ ಸೊತ್ತು. 'ಮಾಡಿದೆ' ಎಂಬ ಅರ್ಥದ ಕ್ರಿಯಾಪದವೇ ಸವೆದು ಬಾಲವಾಯಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ನಮ್ಮ 'ನಡೆದ'ದಲ್ಲೂ 'ದ'ಕಾರವಿದೆಯಲ್ಲ ಎಂದು ಹಿಗ್ಗಬೇಕಿಲ್ಲ, ಎರಡಕ್ಕೂ ನಂಟಿಲ್ಲ. ಒಂದು ಕಾಲದಲ್ಲಿ ಇಂಗ್ಲಿಷರು 'ಎಡ್' ಅನ್ನು ಪೂರ್ತಿ ಉಚ್ಚರಿಸುತ್ತಿದ್ದರು. ಅದರ ಸ್ವರವನ್ನು ನುಂಗುವ ಚಾಳಿಯ ಬಗ್ಗೆ ಗಲಿವರನ ಕರ್ತೃ ಜೊನಾಥನ್ ಸ್ವಿಫ್ಟ್ 1712ರಲ್ಲಿ ಸಿಡಿಮಿಡಿಗೊಂಡಿದ್ದ. ನಮ್ಮ ಹುಡುಗ 'ವಾಕೆಡ್' ಅಂದರೆ ಇಂದು ತಪ್ಪು. ಸ್ವಿಫ್ಟ್ ಬಹುಶಃ ಬೆನ್ನು ತಟ್ಟುತ್ತಿದ್ದ.

ಈ ಬಾಯಿಪಾಠದಿಂದ ಭಾಷೆ ಬರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದ, ಜಗತ್ತಿನ ಭಾಷಾಶಿಕ್ಷಣದ ಗ್ರಂಥಗಳಲ್ಲೆಲ್ಲ ಹೆಸರು ಪಡೆದ ಪ್ರಯೋಗವೊಂದು ನಡೆದದ್ದು ನಮ್ಮ ಊರಿನಲ್ಲೇ. 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದರ ನೆಲೆ. ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಇದರ ಸೂತ್ರಧಾರಿ. 1979ರಿಂದ 1984ರವರೆಗೆ ನಡೆದ ಇದಕ್ಕೆ ಹೊರಗಿನವರು ಇಟ್ಟ ಹೆಸರು 'ಬೆಂಗಳೂರು ಪ್ರಾಜೆಕ್ಟ್'.

ಅಂದು ಶಾಲೆಗಳಲ್ಲಿದ್ದದ್ದು ವಾಕ್ಯರಚನೆಗಳನ್ನು ಒಂದೊಂದಾಗಿ ಸರದಿಯಲ್ಲಿ ಕಲಿಸುವ ಪದ್ಧತಿ. ಇಂದು ವರ್ತಮಾನ, ಮುಂದಿನ ತಿಂಗಳು ಭೂತ. ಪ್ರಭು ಈ ಸರದಿಯನ್ನೇ ಕೈಬಿಟ್ಟರು. ತರಗತಿಯಲ್ಲಿ ಕಾಲಗಳ ಪಟ್ಟಿಯೂ ಇಲ್ಲ, ಗಟ್ಟಿಯಾಗಿ ಹೇಳಿಸುವುದೂ ಇಲ್ಲ. ಬದಲಿಗೆ ಒಂದು ಲೆಕ್ಕ, ಒಂದು ನಕ್ಷೆ, ಒಂದು ರೈಲು ವೇಳಾಪಟ್ಟಿ. ಯಶವಂತಪುರದಲ್ಲಿ ರೈಲು ಹತ್ತಿದವನು ಮಧ್ಯಾಹ್ನದೊಳಗೆ ಇಂಥ ಊರು ಸೇರಬೇಕಾದರೆ ಯಾವ ಗಾಡಿ ಹಿಡಿಯಬೇಕು ಎಂಬಂಥ ಪ್ರಶ್ನೆಗಳೆಂದುಕೊಳ್ಳಿ. (ಯಶವಂತಪುರ ನಾನು ಸೇರಿಸಿದ್ದು.) ಮೊದಲು ಶಿಕ್ಷಕರು ಇಂಥದೇ ಒಂದನ್ನು ಇಡೀ ತರಗತಿಯ ಜತೆ ಮಾತಾಡುತ್ತ ಬಿಡಿಸುವರು, ಆಮೇಲೆ ಮತ್ತೊಂದನ್ನು ಪ್ರತಿ ಮಗು ತಾನೇ ಬಿಡಿಸಬೇಕು. ಅಂಕ ಉತ್ತರಕ್ಕೆ, ವ್ಯಾಕರಣಕ್ಕಲ್ಲ. ಮಗುವಿನ ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ಅದಕ್ಕೆ ಗೊತ್ತಾಗದಂತೆ ಒಳಗೆ ಕೂರುತ್ತದೆ ಎಂಬುದು ಪ್ರಭು ಅವರ ವಾದ. ನಾವು ಕನ್ನಡ ಕಲಿತದ್ದೂ ಬಹುಪಾಲು ಹೀಗೇ ಅಲ್ಲವೇ?

ಫಲಿತಾಂಶವನ್ನು ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ ಎಂಬಿಬ್ಬರು ಅಳೆದು 1985ರಲ್ಲಿ ಪ್ರಕಟಿಸಿದರು. ಬಿಡಿ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳೇ ಮುಂದೆ. ಅದನ್ನೇ ತಾನೆ ಅವರು ಅಭ್ಯಾಸ ಮಾಡಿದ್ದು! ಆದರೆ ಓದಿ ಕೇಳಿ ಗ್ರಹಿಸುವುದು, ಉಕ್ತಲೇಖನ, ಸಂದರ್ಭದೊಳಗೆ ವ್ಯಾಕರಣ ಬಳಸುವುದು ಇವುಗಳಲ್ಲಿ ಒಟ್ಟಾರೆ ಪ್ರಯೋಗದ ಮಕ್ಕಳ ಕೈ ಮೇಲಾಯಿತು. ತರಗತಿಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲವಾದ್ದರಿಂದ ಹೋಲಿಕೆ ಪಕ್ಕಾ ಅಲ್ಲವೆಂದೂ ಮೌಲ್ಯಮಾಪಕರು ಒಪ್ಪಿಕೊಂಡರು.

ಹಾಗಿದ್ದೂ ಟ್ಯೂಷನ್ ಮನೆಯ ರಾಗ ಏಕೆ ನಿಲ್ಲಲಿಲ್ಲ? ಬೆರೆಟಾ 1990ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ ಇದಕ್ಕೆ ಸುಳಿವಿದೆ. ಹೊರಗಿನಿಂದ ಬಂದ ತರಬೇತಿ ಪಡೆದವರು ಈ ಪಾಠವನ್ನು ಹೆಚ್ಚು ಸಲೀಸಾಗಿ ಮಾಡಿದರು. ಆ ಶಾಲೆಗಳ ಕಾಯಂ ಶಿಕ್ಷಕರಿಗೆ ಅದು ಒಗ್ಗಲಿಲ್ಲ. ಇದರಲ್ಲಿ ಅವರನ್ನು ದೂರುವುದು ಸರಿಯಲ್ಲ. ವೇಳಾಪಟ್ಟಿಯ ಸುತ್ತ ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಮಾತಾಡಬೇಕಾದರೆ ಮಾತಾಡುವ ಧೈರ್ಯ ಬೇಕು. ಪಟ್ಟಿ ಒಪ್ಪಿಸಲು ಪುಸ್ತಕ ಸಾಕು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಬಂದಾಗ ಆ ಭಾರ ಬಿದ್ದದ್ದೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಶಿಕ್ಷಕರ ಮೇಲೆಯೇ.

ಪ್ರಭು ಮುಂದೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಈ ಪ್ರಯೋಗದ ಬಗ್ಗೆ ಅವರು ಬರೆದ ಪುಸ್ತಕ 1987ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. 'ಟಾಸ್ಕ್' ಆಧಾರಿತ ಭಾಷಾಬೋಧನೆಯ ಬಗ್ಗೆ ಎಲ್ಲಿ ಚರ್ಚೆಯಾದರೂ ಬೆಂಗಳೂರಿನ ಹೆಸರು ಬರುತ್ತದೆ. ಆರ್.ಟಿ. ನಗರದ ಟ್ಯೂಷನ್ ಶಿಕ್ಷಕಿಯೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಆಸಕ್ತಿಯಿಂದಲೇ ಕೇಳಿಸಿಕೊಂಡು, 'ಬಿಟ್ಟ ಸ್ಥಳ ತುಂಬಿ ಅಂತ ಪರೀಕ್ಷೆಯಲ್ಲಿ ಕೇಳ್ತಾರಲ್ಲ, ಅದಕ್ಕೇನು ಮಾಡೋದು?' ಎಂದರು.