ಗರ್ಭನಿರೋಧಕ ಮಾತ್ರೆ ಮತ್ತು ಪೋರ್ಟೊರಿಕೋ ಪ್ರಯೋಗ

ಬಾಯಿಯ ಮೂಲಕ ಸೇವಿಸುವ ಗರ್ಭನಿರೋಧಕ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1960ರಲ್ಲಿ ಅನುಮತಿ ನೀಡಿತು. 'ಎನೋವಿಡ್' ಎಂಬ ಆ ಮಾತ್ರೆಯ ದೊಡ್ಡ ಪ್ರಮಾಣದ ಪರೀಕ್ಷೆ ನಡೆದದ್ದು ಕೆರಿಬಿಯನ್ ದ್ವೀಪವಾದ ಪೋರ್ಟೊರಿಕೋದ ಬಡ ಮಹಿಳೆಯರ ಮೇಲೆ. ಇದು ಗರ್ಭಧಾರಣೆಯನ್ನು ತಡೆಯುವ ಔಷಧವೆಂದಷ್ಟೇ ಅವರಿಗೆ ಹೇಳಲಾಗಿತ್ತು, ಪ್ರಯೋಗವೆಂದು ಹೇಳಿರಲಿಲ್ಲ.

ಯೋಜನೆಯ ಹಿಂದಿದ್ದವರು ಮಹಿಳೆಯರ ಹಕ್ಕಿಗಾಗಿಯೇ ಹೋರಾಡಿದ ಮಾರ್ಗರೆಟ್ ಸ್ಯಾಂಗರ್ ಮತ್ತು ಹಣ ಒದಗಿಸಿದ ಕ್ಯಾಥರಿನ್ ಮೆಕಾರ್ಮಿಕ್ ಎಂಬುದು ವಿಪರ್ಯಾಸ. ವಿಜ್ಞಾನಿ ಗ್ರೆಗರಿ ಪಿಂಕಸ್ ಮತ್ತು ವೈದ್ಯ ಜಾನ್ ರಾಕ್ ಇದ್ದ ಮ್ಯಾಸಚೂಸೆಟ್ಸ್‌ನಲ್ಲಿ ಸಂತಾನ ನಿಯಂತ್ರಣ ಕಾನೂನುಬಾಹಿರವಾಗಿತ್ತು. ಆದಕಾರಣ ಮೊದಲ ಪರೀಕ್ಷೆಗಳು ಬಂಜೆತನದ ಅಧ್ಯಯನದ ಹೆಸರಿನಲ್ಲಿ ಜರುಗಿದವು. ವೂಸ್ಟರ್‌ನ ಮಾನಸಿಕ ಆಸ್ಪತ್ರೆಯ ರೋಗಿಗಳಿಗೂ ಔಷಧ ಕೊಡಲಾಯಿತು. ಪೋರ್ಟೊರಿಕೋದಲ್ಲಿ 1937ರಿಂದಲೇ ಕಾನೂನಿನ ಅಡ್ಡಿ ಇರಲಿಲ್ಲ. ಜನಸಂಖ್ಯೆ ದಟ್ಟವಾಗಿತ್ತು, ಚಿಕಿತ್ಸಾಲಯಗಳ ಜಾಲವೂ ಸಿದ್ಧವಿತ್ತು.

ಅಲ್ಲಿ ಮೊದಲು ವೈದ್ಯಕೀಯ ವಿದ್ಯಾರ್ಥಿನಿಯರನ್ನು ಸೇರಿಸುವ ಯತ್ನ ನಡೆಯಿತು. ಕಟ್ಟುನಿಟ್ಟಿನ ತಪಾಸಣೆಗೆ ಬೇಸತ್ತು ಹಲವರು ಹಿಂದೆ ಸರಿದರು. 1956ರ ಏಪ್ರಿಲ್‌ನಲ್ಲಿ ಸ್ಯಾನ್ ಹುವಾನ್ ಬಳಿಯ ರಿಯೋ ಪಿಯೆದ್ರಾಸ್ ವಸತಿ ಬಡಾವಣೆಯಲ್ಲಿ ಪ್ರಯೋಗ ಆರಂಭವಾಯಿತು. ಮಾತ್ರೆಯಲ್ಲಿದ್ದ ನಾರ್‌ಎಥಿನೋಡ್ರೆಲ್ ಹಾರ್ಮೋನಿನ ಪ್ರಮಾಣ 10 ಮಿಲಿಗ್ರಾಂ, ಜೊತೆಗೆ 0.15 ಮಿಲಿಗ್ರಾಂ ಈಸ್ಟ್ರೋಜೆನ್. ಇಂದಿನ ಸಾಮಾನ್ಯ ಮಾತ್ರೆಗಳಲ್ಲಿ ಈಸ್ಟ್ರೋಜೆನ್ 0.02ರಿಂದ 0.035 ಮಿಲಿಗ್ರಾಂ ಮಾತ್ರ.

ಪ್ರಯೋಗದ ಮೇಲ್ವಿಚಾರಕಿ ಡಾ. ಎಡ್ರಿಸ್ ರೈಸ್-ರೇ ಅವರ ವರದಿ ಎರಡು ಮಾತುಗಳನ್ನು ಹೇಳಿತು. ಸರಿಯಾಗಿ ಸೇವಿಸಿದರೆ ಮಾತ್ರೆ ಗರ್ಭವನ್ನು ಪೂರ್ಣವಾಗಿ ತಡೆಯುತ್ತದೆ. ಆದರೆ ಶೇ. 17ರಷ್ಟು ಮಹಿಳೆಯರಲ್ಲಿ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು ಕಾಣಿಸಿಕೊಂಡಿದ್ದು, ಸಾರ್ವತ್ರಿಕ ಬಳಕೆಗೆ ಇದು ಒಪ್ಪತಕ್ಕದ್ದಲ್ಲ. ಪಿಂಕಸ್ ಈ ದೂರುಗಳಲ್ಲಿ ಬಹುಪಾಲು ಮನಸ್ಸಿನ ಕಲ್ಪನೆಯೆಂದು ಬಗೆದರು. ಪ್ರಯೋಗದ ಅವಧಿಯಲ್ಲಿ ಮೂವರು ಮಹಿಳೆಯರು ಮೃತಪಟ್ಟರು, ಶವಪರೀಕ್ಷೆ ನಡೆಯಲಿಲ್ಲ. ಕಾರಣ ಮಾತ್ರೆಯೇ ಅಲ್ಲವೇ ಎಂಬುದನ್ನು ಇನ್ನು ಯಾರೂ ನಿರ್ಧರಿಸಲಾರರು.

ಆಗಿನ ಅಮೆರಿಕದ ಕಾನೂನು ಔಷಧ ಪ್ರಯೋಗಕ್ಕೆ ಸಮ್ಮತಿಯನ್ನು ಕಡ್ಡಾಯ ಮಾಡಿರಲಿಲ್ಲ. ಆ ನಿಯಮ ಬಂದದ್ದು 1962ರಲ್ಲಿ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಪರ್ಯಾಯವೆಂದು ಅನೇಕ ಮಹಿಳೆಯರು ಮಾತ್ರೆಯನ್ನು ತಾವಾಗಿಯೇ ಬಯಸಿದ್ದೂ ನಿಜ. ಆದರೆ ಸ್ವಯಂಪ್ರೇರಿತ ಸಮ್ಮತಿ ಅಗತ್ಯವೆಂದು ಸಾರಿದ ನ್ಯೂರೆಂಬರ್ಗ್ ಸಂಹಿತೆ 1947ರಲ್ಲಿಯೇ ಹೊರಬಿದ್ದಿತ್ತು. ಹೀಗಾಗಿ ಕಾಲದ ಮೇಲೆ ಹೊಣೆ ಹೊರಿಸುವ ವಾದ ಪೂರ್ಣವಾಗಿ ನಿಲ್ಲದು.

ಬಳಕೆ ಹರಡಿದಂತೆ ರಕ್ತ ಹೆಪ್ಪುಗಟ್ಟುವ ಅಪಾಯ ಬೆಳಕಿಗೆ ಬಂತು. 1970ರಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ನಡೆಸಿದ ವಿಚಾರಣೆಯಲ್ಲಿ, ಮಾತ್ರೆ ಸೇವಿಸಿದ ಮಹಿಳೆಯರ ಸಾಕ್ಷ್ಯವನ್ನೇಕೆ ಕೇಳುವುದಿಲ್ಲವೆಂದು ಪ್ರೇಕ್ಷಕರ ಸಾಲಿನಿಂದ ಮಹಿಳೆಯರು ಎದ್ದುನಿಂತು ಪ್ರತಿಭಟಿಸಿದರು. ಅದೇ ವರ್ಷ ಮಾತ್ರೆಯ ಪೊಟ್ಟಣದೊಳಗೆ ಅಪಾಯಗಳನ್ನು ತಿಳಿಸುವ ಚೀಟಿ ಕಡ್ಡಾಯವಾಯಿತು.

ತಿಳಿಸದೆ ಪರೀಕ್ಷಿಸಿದ ಆರೋಪ ಭಾರತದಲ್ಲಿಯೂ ಕೇಳಿಬಂದಿದೆ. 1985ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ 'ನೆಟ್-ಎನ್' ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗಕ್ಕೆ ಗ್ರಾಮೀಣ ಮಹಿಳೆಯರನ್ನು ಸೂಕ್ತ ಮಾಹಿತಿ ನೀಡದೆ ಸೇರಿಸಲಾಗುತ್ತಿದೆ ಎಂದು ಸ್ತ್ರೀಶಕ್ತಿ ಸಂಘಟನೆ ಆಕ್ಷೇಪಿಸಿತು. 'ಸಹೇಲಿ' ಮುಂತಾದ ಸಂಘಟನೆಗಳೊಡನೆ ಅದು 1986ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆ ಚುಚ್ಚುಮದ್ದನ್ನು ಸಾಮೂಹಿಕವಾಗಿ ಬಳಸುವುದು ಉಚಿತವಲ್ಲವೆಂದು ಸರ್ಕಾರ ಒಪ್ಪಿಕೊಂಡ ಬಳಿಕ, 2000ದಲ್ಲಿ ಪ್ರಕರಣ ಮುಕ್ತಾಯಗೊಂಡಿತು.