ಸರೀಸೃಪ ಚಿತ್ರದ ಅಂಚೆಚೀಟಿಗಳ ಸಂಗ್ರಹ

ಹಲ್ಲಿ, ಓತಿಕ್ಯಾತ, ಉಡ, ಹಾವು, ಆಮೆ, ಮೊಸಳೆ ಮುಂತಾದವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಕಲೆಹಾಕುವ ಹವ್ಯಾಸ. ವಿಷಯಾಧಾರಿತ ಅಂಚೆಚೀಟಿ ಸಂಗ್ರಹದ ಒಂದು ಶಾಖೆ. ಲಾಂಛನದ ಅಂಗವಾಗಿ ಚೀಟಿಯೊಳಗೆ ಬಂದ ಸರೀಸೃಪ ಮುಂದೆ ನಾಡಿನ ವಿಶೇಷವಾಗಿ, ವಿಜ್ಞಾನದ ವಸ್ತುವಾಗಿ, ಕೊನೆಗೆ ಉಳಿಸಬೇಕಾದ ಜೀವಿಯಾಗಿ ಮುದ್ರಣಗೊಂಡದ್ದೇ ಈ ಸಂಗ್ರಹದ ಇತಿಹಾಸ.

ಬ್ರಿಟನ್ 1840ರಲ್ಲಿ ಮೊದಲ ಅಂಚೆಚೀಟಿಯನ್ನು ಹೊರತಂದ ಮೇಲೆ ಹಲವು ದಶಕ ಅರಸರ ಮುಖ, ಲಾಂಛನ, ಅಂಕಿಗಳದೇ ಮೇಲುಗೈ. ಮೆಕ್ಸಿಕೊದ 1864ರ ಚೀಟಿಗಳಲ್ಲಿ ಹದ್ದು ಹಾವನ್ನು ಹಿಡಿದಿದೆ. ಹಾವು ಅಲ್ಲಿ ಲಾಂಛನದ ಒಂದು ಭಾಗ ಮಾತ್ರ. ಮೊಸಳೆಗೇ ಮೀಸಲಾದ ಚೀಟಿಯನ್ನು ಉತ್ತರ ಬೋರ್ನಿಯೊ 1894ರಲ್ಲಿ ಹೊರಡಿಸಿತು. ಲಂಡನ್ನಿನ ವಾಟರ್‌ಲೋ ಸಂಸ್ಥೆ ಮುದ್ರಿಸಿದ ಈ 12 ಸೆಂಟಿನ ಚೀಟಿಯಲ್ಲಿ ಮಧ್ಯದ ಮೊಸಳೆ ಕಪ್ಪು, ಸುತ್ತಲಿನ ಚೌಕಟ್ಟು ಬೇರೆ ಬಣ್ಣ. ಆ ಪ್ರಾಂತ್ಯವನ್ನು ಆಳುತ್ತಿದ್ದುದು ಒಂದು ಸನದು ಕಂಪನಿ. ಚೀಟಿ ಮಾರಾಟ ಅದಕ್ಕೊಂದು ಆದಾಯ. ಅಂಚೆಗೆ ಬಳಸದೆ ಉಳಿದವುಗಳ ಮೇಲೆ ಅಡ್ಡಪಟ್ಟಿಯ ಮೊಹರು ಒತ್ತಿ ಸಂಗ್ರಾಹಕರಿಗೆ ಅಗ್ಗವಾಗಿ ಮಾರಲಾಯಿತು. ಹೀಗಾಗಿ ಪತ್ರದ ಮೇಲೆ ನಿಜವಾಗಿ ಸಾಗಿದ ಪ್ರತಿಗೆ ಇಂದಿಗೂ ಬೆಲೆ ಹೆಚ್ಚು.

1930ರ ದಶಕದಲ್ಲಿ ದೇಶಗಳು ತಮ್ಮಲ್ಲಿ ಮಾತ್ರ ಕಾಣುವ ಪ್ರಾಣಿಗಳನ್ನು ಮುಂದಿಟ್ಟವು. ನ್ಯೂಜಿಲೆಂಡ್ 1935ರಲ್ಲಿ 8 ಪೆನ್ನಿಯ ಚೀಟಿಯ ಮೇಲೆ ಟುವಟಾರವನ್ನು ಮುದ್ರಿಸಿತು. ಡಾರ್ವಿನ್ ಗಲಪಾಗಸ್‌ಗೆ ಭೇಟಿಯಿತ್ತ ಶತಮಾನೋತ್ಸವಕ್ಕೆ ಎಕ್ವಡಾರ್ 1936ರಲ್ಲಿ ತಂದ ಸರಣಿಯಲ್ಲಿ ಇಗುವಾನ ಮತ್ತು ದೈತ್ಯ ಆಮೆಗಳಿವೆ. ಸೇಶೆಲ್ಸ್‌ನ ದೈತ್ಯ ಆಮೆ 1938ರ ಸರಣಿಯಲ್ಲಿ ಬಂತು.

ಚೀನಾ 1958ರಲ್ಲಿ ಲುಫೆಂಗೊಸಾರಸ್‌ನ ಅಸ್ಥಿಪಂಜರವನ್ನು ಚೀಟಿಗೆ ತಂದಿತು. ಡೈನೊಸಾರ್ ಚಿತ್ರದ ಅಂಚೆಚೀಟಿಗಳು ಆರಂಭವಾದುದು ಇದರಿಂದ. ಪೋಲೆಂಡ್ 1963ರಲ್ಲಿ ಸಂರಕ್ಷಿತ ಸರೀಸೃಪ ಹಾಗೂ ಉಭಯಜೀವಿಗಳಿಗೇ ಒಂದು ಸರಣಿಯನ್ನು ಮೀಸಲಿಟ್ಟಿತು. ವಿಶ್ವ ವನ್ಯಜೀವಿ ನಿಧಿ 1983ರಲ್ಲಿ ಪಾಂಡಾ ಗುರುತಿನ ಚೀಟಿಗಳ ಯೋಜನೆಯನ್ನು ಆರಂಭಿಸಿದ ಮೇಲೆ ಅಳಿವಿನಂಚಿನ ಪ್ರಾಣಿಗಳ ನಾಲ್ಕು ಚೀಟಿಗಳ ಸರಣಿ ರೂಢಿಗೆ ಬಂತು. ಜಮೈಕದ ಹೆಬ್ಬಾವಿನ ಸರಣಿ (1984) ಇದಕ್ಕೊಂದು ನಿದರ್ಶನ. ಇವುಗಳ ಜೊತೆಗೆ ಪೂರ್ವ ಏಷ್ಯಾದ ರಾಶಿಚಕ್ರದ ಹಾವಿನ ವರ್ಷದ ಚೀಟಿಗಳೂ ಉಂಟು: ಹಾಂಗ್‌ಕಾಂಗ್ 1977ರಲ್ಲಿ, ಚೀನಾ 1989ರಲ್ಲಿ ಅವುಗಳನ್ನು ಹೊರತಂದವು.

ಭಾರತೀಯ ಅಂಚೆ ಇಲಾಖೆ 2003ರಲ್ಲಿ ಹಾವುಗಳ ಸರಣಿಯೊಂದನ್ನು ಬಿಡುಗಡೆ ಮಾಡಿತು: ಹೆಬ್ಬಾವು, ಬಿದಿರು ಗುಳಿಮಂಡಲ, ಕಾಳಿಂಗ ಸರ್ಪ ಮತ್ತು ಹಾರುವ ಹಾವು. ನಾಲ್ಕೂ ಪಶ್ಚಿಮ ಘಟ್ಟಗಳಲ್ಲಿ ಕಾಣಸಿಗುವಂಥವು. ಕಾಳಿಂಗನಿಗೆ ಆಗುಂಬೆಯ ಕಾಡು ಹೆಸರಾದದ್ದು.

ಸಂಗ್ರಾಹಕರು ಚೀಟಿಗಳನ್ನು ದೇಶವಾರು ಜೋಡಿಸುವ ಬದಲು ಸಾಮಾನ್ಯವಾಗಿ ಪ್ರಾಣಿಶಾಸ್ತ್ರದ ಗಣ, ಕುಟುಂಬ, ಪ್ರಭೇದಗಳ ಕ್ರಮದಲ್ಲಿ ಜೋಡಿಸುತ್ತಾರೆ. ಮೊದಲ ದಿನದ ಲಕೋಟೆ, ಚಿತ್ರವಿರುವ ವಿಶೇಷ ಮೊಹರು, ಮಿನಿಯೇಚರ್ ಶೀಟ್‌ಗಳಿಗೂ ಆಲ್ಬಮ್ಮಿನಲ್ಲಿ ಜಾಗವಿದೆ. ನೋಟಕ್ಕೆ ಓತಿಯಂತಿರುವ ಟುವಟಾರ ಹಲ್ಲಿಗಳ ಗುಂಪಿಗೆ ಸೇರದ, ತನ್ನ ಗಣದಲ್ಲಿ ಉಳಿದಿರುವ ಏಕೈಕ ಪ್ರಾಣಿ. ಆದ್ದರಿಂದ 1935ರ ಚೀಟಿಗೆ ಬೇರೆಯೇ ಪುಟ ಬೇಕು. ಅದನ್ನು ಹಲ್ಲಿಗಳ ಸಾಲಿಗೆ ಅಂಟಿಸಿದರೆ ವರ್ಗೀಕರಣ ತಪ್ಪುತ್ತದೆ.